ಒಂದೇ ನೀರಿಗೆ ಎರಡು ಲೆಕ್ಕ

ಬಯಲುಸೀಮೆಯಲ್ಲಿ ಯಾವ ನೀರಾವರಿ ಯೋಜನೆಗೆ ಗುದ್ದಲಿಪೂಜೆ ನಡೆದರೂ ವೇದಿಕೆಯ ಮೇಲಿಂದ ಮೂರು ಮಾತು ತಪ್ಪದೆ ಕೇಳಿಬರುತ್ತವೆ. ನದಿಯಲ್ಲಿ ಇನ್ನೂ ನೀರಿದೆಯೆಂದು ತಜ್ಞರ ಅಧ್ಯಯನವೇ ಹೇಳಿದೆ. ಹನಿ ನೀರಾವರಿ ಅಳವಡಿಸಿದರೆ ಅರ್ಧದಷ್ಟು ನೀರು ಉಳಿಯುತ್ತದೆ. ಹಾಗೆ ಉಳಿದ ನೀರಿನಲ್ಲಿ ಇನ್ನಷ್ಟು ಸಾವಿರ ಎಕರೆ ಹಸಿರಾಗುತ್ತದೆ. ಸರ್ಕಾರ ಬದಲಾದರೂ ಈ ಮಾತು ಬದಲಾಗುವುದಿಲ್ಲ. ವಿರೋಧ ಪಕ್ಷದ ತಕರಾರು ಏನಿದ್ದರೂ ಕಾಮಗಾರಿ ತಡವಾಯಿತೆಂದೋ, ಟೆಂಡರ್ ಯಾರಿಗೆ ಹೋಯಿತೆಂದೋ. ಪತ್ರಿಕೆಗಳ ಸಂಪಾದಕೀಯಗಳೂ ವಿಚಾರ ಸಂಕಿರಣಗಳೂ ತಲೆದೂಗುತ್ತವೆ. ‘ಜಲ ಭದ್ರತೆ’ ಎಂಬ ಹೆಸರಿನಲ್ಲಿ ನಡೆಯುವ ಬಹಳಷ್ಟು ಅಧ್ಯಯನಗಳೂ ಈ ನಂಬಿಕೆಯನ್ನೇ ತಳಪಾಯ ಮಾಡಿಕೊಂಡಿವೆ.

ಬಿಡಿಬಿಡಿಯಾಗಿ ನೋಡಿದರೆ ಮೂರರಲ್ಲೂ ಅರ್ಧ ನಿಜವಿದೆ. ಒಟ್ಟು ಸೇರಿಸಿದಾಗ ಮಾತ್ರ ಲೆಕ್ಕ ತಪ್ಪುತ್ತದೆ. ಈಗಾಗಲೇ ಹಂಚಿ ಮುಗಿದ ಜಲಾನಯನದಲ್ಲಿ ಹೊಸದಾಗಿ ನೀರು ಕಂಡ ಪ್ರತಿ ಎಕರೆಯ ಹಿಂದೆ ನೀರು ಕಳೆದುಕೊಂಡ ಹಳೆಯ ಎಕರೆಯೊಂದು, ಕೆರೆಯೊಂದು ಅಥವಾ ಬಾವಿಯೊಂದು ಇದ್ದೇ ಇರುತ್ತದೆ. ಅದು ಎಲ್ಲಿದೆ, ಯಾರದು ಎಂದು ಕೇಳದ ಅಧ್ಯಯನ ಎಷ್ಟೇ ದಪ್ಪವಿರಲಿ, ಅದರಿಂದ ಯೋಜನೆಗೆ ಮಂಜೂರಾತಿ ಸಿಗಬಹುದೇ ಹೊರತು ರೈತನಿಗೆ ಭದ್ರತೆ ಸಿಗುವುದಿಲ್ಲ.

ಮೊದಲು ‘ಅಧ್ಯಯನವೇ ಹೇಳಿದೆ’ ಎಂಬ ಮಾತು. ಎತ್ತಿನಹೊಳೆ ಯೋಜನೆಯ ಕಡತದಲ್ಲಿ ಸಕಲೇಶಪುರದ ಹಳ್ಳಗಳಿಂದ ವರ್ಷಕ್ಕೆ 24.01 ಟಿಎಂಸಿ ಅಡಿ ನೀರು ಸಿಗುತ್ತದೆ. ಅದೇ ಹಳ್ಳಗಳನ್ನು ಅಧ್ಯಯನ ಮಾಡಿದ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡಕ್ಕೆ ಸಿಕ್ಕ ಅಂದಾಜು 9.55 ಟಿಎಂಸಿ. ಬೀಳುವ ಮಳೆ ಒಂದೇ, ಹರಿಯುವ ಹಳ್ಳ ಒಂದೇ, ಉತ್ತರದಲ್ಲಿ ಮಾತ್ರ ಎರಡೂವರೆ ಪಟ್ಟು ವ್ಯತ್ಯಾಸ. ಇಷ್ಟು ದೊಡ್ಡ ಅಂತರ ಕಂಡಾಗ ಕೆಲಸ ನಿಲ್ಲಿಸಿ, ಹಳ್ಳದಲ್ಲಿ ಮಾಪಕ ನಿಲ್ಲಿಸಿ, ಮೂರ್ನಾಲ್ಕು ಮಳೆಗಾಲ ಅಳೆದು ಮುಂದುವರಿಯುವುದು ವಿವೇಕದ ದಾರಿಯಾಗಿತ್ತು. ಆಗಿದ್ದು ಬೇರೆ. 2012ರಲ್ಲಿ 8,323 ಕೋಟಿ ರೂಪಾಯಿಯಿದ್ದ ಅಂದಾಜು ಏರುತ್ತ ಏರುತ್ತ 23,251 ಕೋಟಿ ಮುಟ್ಟಿತು. ನೀರಿನ ಅಂದಾಜು ಮಾತ್ರ ಕಡತದಲ್ಲಿ ಕದಲದೆ ಕೂತಿತು. ವೆಚ್ಚದ ಲೆಕ್ಕವನ್ನು ಕೆಲವೇ ವರ್ಷಕ್ಕೊಮ್ಮೆ ಪರಿಷ್ಕರಿಸುವ ಇಲಾಖೆಗೆ ನೀರಿನ ಲೆಕ್ಕವನ್ನು ಪರಿಷ್ಕರಿಸುವ ಅಗತ್ಯ ಕಾಣಲಿಲ್ಲ. ಯೋಜನೆ ಮೊದಲು ತೀರ್ಮಾನವಾಗಿ, ನೀರು ಆಮೇಲೆ ಅದಕ್ಕೆ ತಕ್ಕಂತೆ ‘ಲಭ್ಯ’ವಾಗುವ ಪದ್ಧತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಎತ್ತಿನಹೊಳೆ ಪಶ್ಚಿಮಕ್ಕೆ ಹರಿಯುವ ನೀರಿನ ಕಥೆ. ಪೂರ್ವಕ್ಕೆ ಹರಿಯುವ ಕೃಷ್ಣೆಯಲ್ಲಿ ಪರಿಸ್ಥಿತಿ ಇನ್ನೂ ಬಿಗಿಯಾಗಿದೆ. ಅಂತಾರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಪ್ಪತ್ತನೆಯ ಶತಮಾನದ ಮೊದಲಾರ್ಧದಲ್ಲಿ ಕೃಷ್ಣೆ ವರ್ಷಕ್ಕೆ ಸರಾಸರಿ 50 ಶತಕೋಟಿ ಘನ ಮೀಟರಿಗೂ ಹೆಚ್ಚು ನೀರನ್ನು ಸಮುದ್ರಕ್ಕೆ ಒಯ್ಯುತ್ತಿತ್ತು. ಅಣೆಕಟ್ಟು, ಕಾಲುವೆ, ಕೊಳವೆಬಾವಿಗಳು ಹೆಚ್ಚಿದಂತೆ ಅದು ಇಳಿಯುತ್ತ ಬಂದು, 2001ರಿಂದ 2004ರವರೆಗಿನ ಬರದ ವರ್ಷಗಳಲ್ಲಿ ಬಹುತೇಕ ನಿಂತೇಹೋಯಿತು. ನೆರೆ ಬಂದ ವರ್ಷ ಪ್ರಕಾಶಂ ಬ್ಯಾರೇಜಿನಿಂದ ನೂರಾರು ಟಿಎಂಸಿ ಕಡಲು ಸೇರುವುದು ಸುಳ್ಳಲ್ಲ. ಆದರೆ ಅಚ್ಚುಕಟ್ಟಿಗೆ ಬರಗಾಲದ ವರ್ಷವೂ ನೀರು ಬೇಕು. ನೆರೆಯ ವರ್ಷದ ಹರಿವನ್ನು ತೋರಿಸಿ ಬರದ ವರ್ಷಕ್ಕೆ ಭರವಸೆ ಕೊಡುವುದೇ ‘ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರು’ ಎಂಬ ವಾದದ ಒಟ್ಟು ಬಂಡವಾಳ.

ಈಗ ಎರಡನೆಯ, ಮೂರನೆಯ ಮಾತುಗಳಿಗೆ ಬರೋಣ: ನೀರು ಉಳಿಸುತ್ತೇವೆ, ಉಳಿದದ್ದನ್ನು ಹೊಸ ಭೂಮಿಗೆ ಕೊಡುತ್ತೇವೆ. ಕಾಲುವೆಯಿಂದ ಇಂಗುವ ನೀರು, ಗದ್ದೆಯಿಂದ ಬಸಿಯುವ ನೀರು ಎಲ್ಲವೂ ನಷ್ಟವೆಂದು ಈ ವಾದ ಹಿಡಿಯುತ್ತದೆ. ಇಂಗಿದ್ದು ಎಲ್ಲಿಗೆ ಹೋಯಿತು? ಬಹುಪಾಲು ಕೆಳಗಿನ ಊರಿನ ಬಾವಿಗೆ, ಹಳ್ಳಕ್ಕೆ, ಮುಂದಿನ ಕೆರೆಗೆ. ಕೃಷ್ಣಾ ಕೊಳ್ಳದಲ್ಲಿ ಇದಕ್ಕೆ ಕಾನೂನಿನ ಮುದ್ರೆಯೇ ಬಿದ್ದಿದೆ. ಬಚಾವತ್ ನ್ಯಾಯಮಂಡಳಿ 2,060 ಟಿಎಂಸಿ ಹಂಚಿದ ಮೇಲೆ, ನೀರಾವರಿಯಿಂದ ಬಸಿದು ಮತ್ತೆ ನದಿ ಸೇರುವ ನೀರೆಂದು ಇನ್ನೂ 70 ಟಿಎಂಸಿಯನ್ನು ಲೆಕ್ಕಕ್ಕೆ ಹಿಡಿದು ಮೂರು ರಾಜ್ಯಗಳಿಗೆ ಹಂಚಿತು. ಕರ್ನಾಟಕದ ಪಾಲು 700ರಿಂದ 734 ಆದದ್ದು ಹೀಗೆ. ಅಂದರೆ ಇಂಗಿದ, ಬಸಿದ ನೀರಿನಿಂದಲೇ ರಾಜ್ಯ 34 ಟಿಎಂಸಿ ಹಕ್ಕು ಪಡೆದಿದೆ. ಅದೇ ರಾಜ್ಯ ಇನ್ನೊಂದು ಕಡತದಲ್ಲಿ, ಕಾಲುವೆಗೆ ಕಾಂಕ್ರೀಟ್ ಹೊದಿಸಿ ಬಸಿಯುವುದನ್ನು ತಡೆದು ಹೊಸ ಅಚ್ಚುಕಟ್ಟು ಮಾಡುತ್ತೇನೆ ಎನ್ನುತ್ತದೆ. ನ್ಯಾಯಮಂಡಳಿಯ ಮುಂದೆ ಆದಾಯವೆನಿಸಿದ ನೀರು ವಿಧಾನಸೌಧದಲ್ಲಿ ನಷ್ಟವೆನಿಸಿ, ಎರಡೂ ಕಡೆ ಒಂದೊಂದು ಸಲ ಖರ್ಚಾಗುತ್ತದೆ.

ಇದು ಪರಿಸರವಾದಿಗಳ ಹಠವೇನಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಹಲವು ದೇಶಗಳ ಅನುಭವವನ್ನು ಒಟ್ಟುಗೂಡಿಸಿ ಹೇಳಿದ್ದು ಇದನ್ನೇ. ಆಸ್ಟ್ರೇಲಿಯಾದ ಕ್ವೆಂಟಿನ್ ಗ್ರಾಫ್ಟನ್ ಮತ್ತು ಸಂಗಡಿಗರು 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದೂ ಇದನ್ನೇ: ಹೊಲದ ಮಟ್ಟದಲ್ಲಿ ದಕ್ಷತೆ ಹೆಚ್ಚಿದರೆ ಇಡೀ ಜಲಾನಯನದ ನೀರಿನ ಬಳಕೆ ಇಳಿಯುವುದು ಅಪರೂಪ, ಹಲವೆಡೆ ಅದು ಏರುತ್ತದೆ. ಕಾರಣ ಸರಳ. ಹನಿ ನೀರಾವರಿ ಹಾಕಿಸಿಕೊಂಡ ರೈತ ಉಳಿದ ನೀರನ್ನು ಹಳ್ಳಕ್ಕೆ ಬಿಡುವುದಿಲ್ಲ; ಪಕ್ಕದ ಎರಡು ಎಕರೆಗೆ ಪೈಪು ಎಳೆಯುತ್ತಾನೆ, ಇಲ್ಲವೇ ರಾಗಿ ಬಿಟ್ಟು ಅಡಿಕೆ ನೆಡುತ್ತಾನೆ. ಅವನ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಾರೆ. ತಪ್ಪು ಅವನದಲ್ಲ, ಅವನು ಹಾಗೆ ಮಾಡುವುದಿಲ್ಲವೆಂದು ಹಿಡಿದು ಯೋಜನೆ ಬರೆದವರದು.

ಭದ್ರಾ ಮೇಲ್ದಂಡೆ ಯೋಜನೆಯ ಅಂಕಿಗಳನ್ನೇ ಇಟ್ಟು ನೋಡಬಹುದು. ತುಂಗೆಯಿಂದ 17.4 ಟಿಎಂಸಿ ಎತ್ತಿ ಭದ್ರೆಗೆ, ಭದ್ರೆಯಿಂದ ಒಟ್ಟು 29.9 ಟಿಎಂಸಿ ಎತ್ತಿ ಅಜ್ಜಂಪುರದ ಸುರಂಗ ದಾಟಿಸಿ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಹನಿ ನೀರಾವರಿ ಕೊಡಬೇಕು, 367 ಕೆರೆಗಳಿಗೂ ನೀರು ಹಾಯಿಸಬೇಕು. ಕೇಂದ್ರ ಸರ್ಕಾರ 2023ರ ಬಜೆಟ್ಟಿನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ಘೋಷಿಸಿತು. ಕೆರೆಗಳ ಪಾಲನ್ನು ಮರೆತು, ಆವಿ ಮತ್ತು ಸೋರಿಕೆಯನ್ನು ಸೊನ್ನೆಯೆಂದು ಹಿಡಿದು, ಅಷ್ಟೂ ನೀರನ್ನು ಅಷ್ಟೂ ಭೂಮಿಗೆ ಭಾಗಿಸಿದರೂ ಹೆಕ್ಟೇರಿಗೆ ಸಿಗುವುದು ಸುಮಾರು 3,750 ಘನ ಮೀಟರ್. ಹೊಲದಲ್ಲಿ ನಿಲ್ಲಿಸಿದರೆ 37 ಸೆಂಟಿಮೀಟರ್ ಎತ್ತರ. ಶೇಂಗಾಕ್ಕೆ, ರಾಗಿಗೆ, ಸೂರ್ಯಕಾಂತಿಗೆ, ಮಳೆಯೂ ಕೈಹಿಡಿದರೆ, ಇದು ಸಾಲುತ್ತದೆ. ಯೋಜನೆ ಕಾಗದದಲ್ಲಿ ಬಯಸುವುದೂ ಅಂಥ ಬೆಳೆಗಳನ್ನೇ.

ಆದರೆ ಹೊಸದುರ್ಗ, ಹೊಳಲ್ಕೆರೆ, ತರೀಕೆರೆ ದಿಕ್ಕಿನಲ್ಲಿ ಓಡಾಡಿದವರಿಗೆ ಗೊತ್ತು, ನೀರು ಬರುತ್ತದೆಂಬ ಸುದ್ದಿಯ ಬೆನ್ನಿಗೇ ಅಡಿಕೆ ಸಸಿ ಬರುತ್ತದೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ 1,370ರಷ್ಟು ಮರ. ಬೇಸಿಗೆಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಹನಿ ನೀರು ಎಂಬುದು ಸಾಮಾನ್ಯ ಶಿಫಾರಸು. ಡಿಸೆಂಬರಿನಿಂದ ಮೇ ತನಕ ಆರು ತಿಂಗಳು ಗುಣಿಸಿ ನೋಡಿ: 3,900ರಿಂದ 4,900 ಘನ ಮೀಟರ್. ಒಂದು ಹನಿಯೂ ಸೋರದ, ಕೆರೆಗೆ ಒಂದು ಹನಿಯೂ ಕೊಡದ ಆದರ್ಶ ಯೋಜನೆಯೂ ಈ ಬೆಳೆಗೆ ಸಾಲದು. ಮುಂದೇನಾಗುತ್ತದೆಂದು ಹೇಳಲು ಜ್ಯೋತಿಷಿ ಬೇಡ. ಕಾಲುವೆಯ ತಲೆಭಾಗದವರು ಹೆಚ್ಚು ಎಳೆದುಕೊಳ್ಳುತ್ತಾರೆ, ಕೊರತೆಯನ್ನು ಕೊಳವೆಬಾವಿಯಿಂದ ತುಂಬಿಕೊಳ್ಳುತ್ತಾರೆ, ಕೊನೆಯ ಭಾಗದ ಜಗಳೂರಿಗೋ ಚಳ್ಳಕೆರೆಗೋ ಒಣ ಪೈಪು ತಲುಪುತ್ತದೆ. ಇತ್ತ ಭದ್ರಾ ಹಳೆಯ ಅಚ್ಚುಕಟ್ಟಿನವರಿಗೆ ಆತಂಕ ಆಗಲೇ ಹಿಡಿದಿದೆ. 2025ರ ಜೂನಿನಲ್ಲಿ ಬಲದಂಡೆ ಕಾಲುವೆಯನ್ನು ಸೀಳಿ ಬೇರೆಡೆಗೆ ಕುಡಿಯುವ ನೀರು ಒಯ್ಯುವ ಕಾಮಗಾರಿಯ ವಿರುದ್ಧ ದಾವಣಗೆರೆ ಭಾಗದ ರೈತರು ಬೀದಿಗಿಳಿದರು. ನೀರು ‘ಉಳಿದಿದ್ದರೆ’ ಈ ಜಗಳ ಏಕೆ?

ಹನಿ ನೀರಾವರಿಯ ಮಾತು ಬಂದಾಗಲೆಲ್ಲ ಇಸ್ರೇಲಿನ ಹೆಸರು ಬರುತ್ತದೆ. 2018ರ ರಾಜ್ಯ ಬಜೆಟ್ಟಿನಲ್ಲಿ ‘ಇಸ್ರೇಲ್ ಮಾದರಿ’ಗೆಂದೇ 150 ಕೋಟಿ ರೂಪಾಯಿ ಇಡಲಾಗಿತ್ತು. ಆ ದೇಶ 1959ರ ಕಾಯ್ದೆಯಿಂದ ಎಲ್ಲ ನೀರನ್ನೂ ಸಾರ್ವಜನಿಕ ಆಸ್ತಿಯಾಗಿಸಿದೆ. ರೈತನ ನೀರಿಗೆ ಮೀಟರಿದೆ, ಕೋಟಾ ಇದೆ, ದರವಿದೆ. ಹೊಲಕ್ಕೆ ಹೋಗುವುದರಲ್ಲಿ ದೊಡ್ಡ ಪಾಲು ಶುದ್ಧೀಕರಿಸಿದ ಕೊಳಚೆ ನೀರು. ಪೈಪು ಆ ಶಿಸ್ತಿನ ಕೊನೆಯ ತುದಿ. ಕರ್ನಾಟಕ ತಂದದ್ದು ಪೈಪನ್ನು ಮಾತ್ರ. ಇಲ್ಲಿ 2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ತೇ ಉಚಿತ, ಎತ್ತಿದ ನೀರನ್ನು ಅಳೆಯುವವರೇ ಇಲ್ಲ. ಹುನಗುಂದದ ರಾಮಥಾಳದಲ್ಲಿ 24,000 ಹೆಕ್ಟೇರಿಗೆ, ಏಷ್ಯಾದಲ್ಲೇ ದೊಡ್ಡದೆಂಬ ಪ್ರಚಾರದೊಂದಿಗೆ, ಸಮುದಾಯ ಹನಿ ನೀರಾವರಿ ಜಾಲ ಹಾಸಲಾಯಿತು. ಕೆಲವೇ ವರ್ಷಗಳಲ್ಲಿ ಅನೇಕ ಹೊಲಗಳಲ್ಲಿ ಅದು ಬಳಕೆ ತಪ್ಪಿತು. ಉಳುಮೆಗೆ ಅಡ್ಡ ಬಂದ ಪೈಪುಗಳು ಬದುವಿಗೆ ಸೇರಿದವು. ಆ ಅನುಭವದ ಪಾಠ ಮುಂದಿನ ಯೋಜನಾ ವರದಿಗಳಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಹಳೆಯ ಅಚ್ಚುಕಟ್ಟಿನಲ್ಲಿ ಏನು ನಡೆಯುತ್ತಿದೆ ಎಂಬುದನ್ನು ನೋಡದೆ ಹೊಸದನ್ನು ಯೋಜಿಸುವುದೇ ಈ ರೋಗದ ಮೂಲ. ತುಂಗಭದ್ರಾ ಎಡದಂಡೆ ಕಾಲುವೆ ಇದಕ್ಕೆ ತೆರೆದ ಪಾಠಶಾಲೆ. 1950ರ ದಶಕದಲ್ಲಿ ಇದನ್ನು ಬರಗಾಲ ತಡೆಯುವ ನೀರಾವರಿಯೆಂದು ರೂಪಿಸಲಾಯಿತು: ಸ್ವಲ್ಪ ಸ್ವಲ್ಪ ನೀರು, ತುಂಬಾ ಭೂಮಿಗೆ. ಭತ್ತಕ್ಕೆ ಸಣ್ಣ ಪಾಲು, ಉಳಿದದ್ದೆಲ್ಲ ಜೋಳ, ಹತ್ತಿ, ಶೇಂಗಾದಂಥ ಅರೆ ಖುಷ್ಕಿ ಬೆಳೆ. ಇವತ್ತು ಗಂಗಾವತಿಯಿಂದ ಸಿಂಧನೂರಿನ ತನಕ ಹೋದರೆ ಕಣ್ಣು ಹಾಯಿಸಿದಷ್ಟೂ ಭತ್ತ. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದವರು ಗದ್ದೆ ಮಾಡಿ ತೋರಿಸಿದರು, ಸ್ಥಳೀಯರೂ ಹಿಂದೆ ಬೀಳಲಿಲ್ಲ, ಅಕ್ಕಿ ಗಿರಣಿಗಳು ಎದ್ದವು, ರಾಜಕಾರಣ ಅದರ ಮೇಲೆ ನಿಂತಿತು. ಕಾಲುವೆಗೆ ನೇರ ಪಂಪ್ ಇಳಿಸಿ ಅಚ್ಚುಕಟ್ಟಿನಾಚೆಗೂ ನೀರು ಹಾಯಿಸುವ ‘ಅನಧಿಕೃತ ನೀರಾವರಿ’ ಬೇರೆ. ಮೇಲ್ಭಾಗದ ಎಷ್ಟೋ ಭೂಮಿ ಸವಳು-ಜವಳಾಗಿ ಕೆಟ್ಟಿತು. ಕೆಳಗೆ ಮಾನ್ವಿ, ಸಿರವಾರ, ರಾಯಚೂರು ಕಡೆ ಹೊಲ ಬಾಯಿ ಬಿಟ್ಟಿತು.

ಅಲ್ಲಿನ ರೈತರ ಬಾಯಲ್ಲಿ ಸದಾ ಇರುವುದು ಎರಡು ಅಂಕಿ, 69ನೇ ಮೈಲು ಮತ್ತು 104ನೇ ಮೈಲು. ಆ ಜಾಗಗಳಲ್ಲಿ ಕಾಲುವೆಯ ‘ಗೇಜ್’ ಎಷ್ಟು ಅಡಿಯಿದೆ ಎಂಬುದರ ಮೇಲೆ ಅವರ ಹಂಗಾಮು ನಿಂತಿದೆ. ಗೇಜ್ ಇಳಿದರೆ ಹೆದ್ದಾರಿ ತಡೆ, ನೀರಾವರಿ ಕಚೇರಿಗೆ ಮುತ್ತಿಗೆ. ಆಮೇಲೆ ಮೇಲ್ಭಾಗದ ತೂಬುಗಳಿಗೆ ಪೊಲೀಸ್ ಕಾವಲು, ಕಾಲುವೆಯ ಉದ್ದಕ್ಕೂ ನಿಷೇಧಾಜ್ಞೆ. ಎಪ್ಪತ್ತು ವರ್ಷ ಹಳೆಯ ಕಾಲುವೆಯಲ್ಲಿ ನಿಗದಿತ ನೀರನ್ನು ನಿಗದಿತ ಹೊಲಕ್ಕೆ ಮುಟ್ಟಿಸಲು ಪೊಲೀಸರು ಬೇಕಾಗಿರುವಾಗ, ನಾಲ್ಕು ಜಿಲ್ಲೆಗಳ ಉದ್ದಗಲಕ್ಕೆ ಹರಡಿದ ಹೊಸ ಪೈಪುಜಾಲದಲ್ಲಿ ಹನಿ ಹನಿ ಲೆಕ್ಕದಂತೆ ಹಂಚಿಕೆಯಾಗುತ್ತದೆಂದು ನಂಬುವುದು ಹೇಗೆ?

ಆ ಕಾಲುವೆಗೆ ನೀರುಣಿಸುವ ಜಲಾಶಯದ ಸ್ಥಿತಿಯಾದರೂ ಏನು? ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರೆಯ ಹೊಟ್ಟೆಯಲ್ಲಿ ಹೂಳು ತುಂಬಿ ಈಗ ಜಾಗವಿರುವುದು 105.79 ಟಿಎಂಸಿಗೆ. ಕಳೆದುಹೋದ ಆ 27 ಟಿಎಂಸಿ ಭದ್ರಾ ಮೇಲ್ದಂಡೆಯ ಇಡೀ ಪಾಲಿಗೆ ಹತ್ತಿರದ್ದು. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಹಳೆಯ ಗೇಟಿಗೆ ಸರಪಳಿ ಬದಲಿಸದ ವ್ಯವಸ್ಥೆಗೆ ಹೊಸ ಯೋಜನೆಯ ಸಂಭ್ರಮ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ನೀರಾವರಿ ಇಲಾಖೆಯನ್ನು ಕಂಡೇ ಹುಟ್ಟಿತೇನೋ.

ಹಾಗೆಂದು ನೀರಿನ ಒಳ್ಳೆಯ ಸಂಶೋಧನೆ ರಾಜ್ಯದಲ್ಲಿ ಇಲ್ಲವೆಂದಲ್ಲ. ಗುಂಡ್ಲುಪೇಟೆಯ ಬಳಿ, ಕಾವೇರಿಯ ಉಪನದಿ ಕಬಿನಿಯ ಜಲಾನಯನದಲ್ಲಿ, ಬೇರಂಬಾಡಿ ಎಂಬ 84 ಚದರ ಕಿಲೋಮೀಟರಿನ ಪುಟ್ಟ ಕೊಳ್ಳವಿದೆ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಇಲ್ಲಿ ನೂರಾರು ಕೊಳವೆಬಾವಿಗಳ ಮಟ್ಟವನ್ನು ವರ್ಷಗಟ್ಟಲೆ ಅಳೆದಿದ್ದಾರೆ. ಅವರಿಗೆ ಕಂಡ ಚಿತ್ರ ಹೀಗಿದೆ: ಮೊದಲು ನೀರಾವರಿ ಬಂದ ತಗ್ಗಿನ ಭಾಗದಲ್ಲೇ ಅಂತರ್ಜಲ ಅತಿ ಆಳಕ್ಕೆ ಇಳಿದಿದೆ. ಹಿಂದೆ ಅದೇ ತಗ್ಗಿನಲ್ಲಿ ಅಂತರ್ಜಲ ಮೇಲೆದ್ದು ಹಳ್ಳವನ್ನು ಪೊರೆಯುತ್ತಿತ್ತು. ಈಗ ಹಳ್ಳಕ್ಕೂ ಅಂತರ್ಜಲಕ್ಕೂ ಸಂಬಂಧವೇ ಕಡಿದಿದೆ. ಅರಿಸಿನ, ಬಾಳೆ, ಚೆಂಡುಹೂವಿನ ಹೊಲಗಳಿಗೆ ಎತ್ತಿ ಹಾಯಿಸಿದ ನೀರು ಗೊಬ್ಬರವನ್ನು ಕರಗಿಸಿಕೊಂಡು ಮತ್ತೆ ಇಳಿಯುತ್ತದೆ, ಮತ್ತೆ ಎತ್ತಲ್ಪಡುತ್ತದೆ. ಪ್ರತಿ ಸುತ್ತಿಗೂ ಅದರಲ್ಲಿ ನೈಟ್ರೇಟ್ ಏರುತ್ತದೆ. ಅಣೆಕಟ್ಟಿಲ್ಲದೆ, ಕಾಲುವೆಯಿಲ್ಲದೆ, ಪಂಪು ಮತ್ತು ಉಚಿತ ವಿದ್ಯುತ್ತಿನಿಂದಲೇ ಒಂದು ಕೊಳ್ಳದ ಹರಿವನ್ನು ನೀರಾವರಿ ನುಂಗಿದ ದಾಖಲೆ ಇದು.

ಬೆಂಗಳೂರಿನ ಪಕ್ಕದ ಅರ್ಕಾವತಿಯೂ ಅದನ್ನೇ ಹೇಳುತ್ತದೆ. ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಒಳಹರಿವು ಕುಸಿದಾಗ ಮಳೆ ಕಡಿಮೆಯಾಯಿತೆಂದು ಎಲ್ಲರೂ ಬಾಯಿ ಮಾತಿನಲ್ಲಿ ತೀರ್ಮಾನಿಸಿದ್ದರು. ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಮಳೆಯ ಮೇಲಿನ ಆರೋಪವನ್ನು ತಳ್ಳಿಹಾಕಿತು. ಅಂತರ್ಜಲದ ಎತ್ತುವಳಿ, ನೀಲಗಿರಿ ತೋಪುಗಳು ಮುಖ್ಯ ಕಾರಣಗಳಾಗಿ ಕಂಡವು. ಮೇಲಿನ ಕೊಳ್ಳದಲ್ಲಿ ಬಳಸಿದ ನೀರು ಕೆಳಗಿನ ಜಲಾಶಯಕ್ಕೆ ಬರುವುದಿಲ್ಲ ಎಂಬ ಇಷ್ಟು ಸರಳ ಸತ್ಯವನ್ನು ಅಳತೆಯಿಂದ ಸಾಬೀತು ಮಾಡಿದ ಅಧ್ಯಯನಗಳು ಕಣ್ಣೆದುರೇ ಇವೆ. ಯೋಜನಾ ವರದಿ ಬರೆಯುವ ಸಲಹೆಗಾರರು ಅವನ್ನು ಓದಿದರೆ ಹೊಸ ಅಚ್ಚುಕಟ್ಟಿನ ಅರ್ಧಕ್ಕರ್ಧ ಅಲ್ಲೇ ಕರಗುತ್ತದೆ; ಓದದಿರುವುದು ಕ್ಷೇಮ.

‘ಹಾಗಾದರೆ ಚಿತ್ರದುರ್ಗದವರು, ಪಾವಗಡದವರು ಬಾಯಾರಿ ಸಾಯಬೇಕೇ?’ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ, ಏಳಬೇಕು. ಆ ಜಿಲ್ಲೆಗಳ ಬೇಡಿಕೆ ನ್ಯಾಯವಾದದ್ದು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎರಡು ಮೂರು ತಲೆಮಾರು ತುಂಬಿದ ಕೆರೆಯನ್ನೇ ಕಾಣದ ಜನಕ್ಕೆ ನದಿಯ ಪಾಲು ಬೇಡವೆನ್ನುವ ಅಧಿಕಾರ ಯಾರಿಗೂ ಇಲ್ಲ. ಆದರೆ ಅವರಿಗೆ ಮೋಸ ಮಾಡುತ್ತಿರುವುದು ಯೋಜನೆಯನ್ನು ಪ್ರಶ್ನಿಸುವವರಲ್ಲ. ಇರುವ ನೀರಿಗಿಂತ ಹೆಚ್ಚು ಭೂಮಿಗೆ ನಕ್ಷೆಯಲ್ಲಿ ಬಣ್ಣ ಬಳಿದು, ಪ್ರತಿ ತಾಲ್ಲೂಕಿಗೂ ಭರವಸೆ ಕೊಟ್ಟು, ಕೊನೆಗೆ ಕಾಲುವೆಯ ತಲೆಭಾಗದಲ್ಲಿ ಬಲವಿದ್ದವನ ತೋಟಕ್ಕೆ ನೀರು ಹರಿಯಬಿಡುವ ವ್ಯವಸ್ಥೆ ಮೋಸ ಮಾಡುತ್ತಿದೆ. ಕುಡಿಯುವ ನೀರು, ಕೆರೆ, ಒಂದು ಮಳೆಯಾಶ್ರಿತ ಬೆಳೆಗೆ ಆಪತ್ಕಾಲದ ಆಸರೆ ಇಷ್ಟಕ್ಕೇ ಯೋಜನೆಯನ್ನು ಮಿತಿಗೊಳಿಸಿದ್ದರೆ ಅದೇ 29.9 ಟಿಎಂಸಿ ಹೆಚ್ಚು ಊರುಗಳಿಗೆ, ಹೆಚ್ಚು ಖಾತ್ರಿಯಾಗಿ ತಲುಪುತ್ತಿತ್ತು.

ಆಸ್ಟ್ರೇಲಿಯಾದ ಮರ್ರೆ–ಡಾರ್ಲಿಂಗ್ ನದಿ ಕೊಳ್ಳದಲ್ಲೂ ದಶಕಗಟ್ಟಲೆ ಹೀಗೆಯೇ ಅಚ್ಚುಕಟ್ಟು ಬೆಳೆಯಿತು. 1991ರಲ್ಲಿ ಡಾರ್ಲಿಂಗ್ ನದಿಯ ಸಾವಿರ ಕಿಲೋಮೀಟರ್ ಉದ್ದಕ್ಕೂ ವಿಷಕಾರಿ ಪಾಚಿ ಹಬ್ಬಿದ ಮೇಲೆ ಕಣ್ಣು ತೆರೆಯಿತು. 1995ರಲ್ಲಿ ಅವರು ಒಂದು ಗೆರೆ ಎಳೆದರು: 1993–94ರ ಮಟ್ಟಕ್ಕಿಂತ ಹೆಚ್ಚು ನೀರನ್ನು ನದಿಯಿಂದ ತೆಗೆಯುವಂತಿಲ್ಲ. ಆ ಗೆರೆ ಬಿದ್ದ ಮೇಲೂ ಅವರ ತೊಂದರೆ ಮುಗಿಯಲಿಲ್ಲ, ನಿಜ. ಹನಿ ನೀರಾವರಿಗೆ ಕೊಟ್ಟ ಸಹಾಯಧನದಿಂದ ನದಿಗೆ ನಿಜವಾಗಿ ಎಷ್ಟು ನೀರು ಮರಳಿತು ಎಂಬ ಜಗಳ ಇನ್ನೂ ನಡೆದಿದೆ. ಆದರೆ ಜಗಳ ಮಾಡಲು ಅವರ ಬಳಿ ಅಳತೆಯಿದೆ.

ಕರ್ನಾಟಕದ ಬಳಿ ಇಲ್ಲದ್ದು ಅದೇ, ಅದನ್ನು ಪಡೆಯಲು ಹೊಸ ಸುರಂಗ ಕೊರೆಯಬೇಕಿಲ್ಲ. ಎಡದಂಡೆಯ 69ನೇ ಮೈಲಿನ ಗೇಜ್ ಸೇರಿದಂತೆ ಪ್ರತಿ ಮುಖ್ಯ ಕಾಲುವೆಯ ಮಟ್ಟವನ್ನು ದಿನವೂ ಸಾರ್ವಜನಿಕವಾಗಿ ಪ್ರಕಟಿಸಬಹುದು. ಬೆಳೆಗಳು ಎಷ್ಟು ನೀರನ್ನು ಆವಿಯಾಗಿಸುತ್ತವೆಂದು ಉಪಗ್ರಹದ ಚಿತ್ರದಿಂದ ಅಂದಾಜು ಮಾಡುವ ತಂತ್ರ ದೇಶದಲ್ಲೇ ಇದೆ. ಪ್ರತಿ ಅಚ್ಚುಕಟ್ಟಿಗೂ ಅದನ್ನು ಅನ್ವಯಿಸಿ ಯಾರು ಎಷ್ಟು ಬಳಸಿದರೆಂದು ಹಂಗಾಮಿಗೊಮ್ಮೆ ಲೆಕ್ಕ ಕೊಡಬಹುದು. ಯಾವುದೇ ಹೊಸ ಯೋಜನೆಯ ವರದಿಯ ಮೊದಲ ಪುಟದಲ್ಲಿ, ಈ ನೀರನ್ನು ಇಂದು ಬಳಸುತ್ತಿರುವವರು ಯಾರು, ನಾಳೆ ಅವರಿಗೆ ಎಷ್ಟು ಕಡಿಮೆಯಾಗುತ್ತದೆ ಎಂಬ ಪಟ್ಟಿ ಇರಬೇಕೆಂದು ಕಡ್ಡಾಯ ಮಾಡಬಹುದು. ಕೆಳಭಾಗದ ಗ್ರಾಮ ಪಂಚಾಯಿತಿಗಳ ಮುಂದೆ ಆ ಪಟ್ಟಿ ಓದಿ, ಅವರ ಆಕ್ಷೇಪ ಕೇಳಿದ ಮೇಲಷ್ಟೇ ಟೆಂಡರ್ ಕರೆಯಬಹುದು.

ಅಲ್ಲಿಯ ತನಕ ಕೃಷ್ಣಾ ಕೊಳ್ಳದಲ್ಲಿ ಒಂದೇ ಒಂದು ಹೆಕ್ಟೇರ್ ಹೊಸ ಅಚ್ಚುಕಟ್ಟನ್ನೂ ಘೋಷಿಸಬಾರದು. ಘೋಷಿಸಲು ಹೊರಟ ಸಚಿವರನ್ನು ಆಯಾ ಕ್ಷೇತ್ರದ ಮತದಾರರು ಒಂದೇ ಪ್ರಶ್ನೆ ಕೇಳಲಿ: ಈ ನೀರನ್ನು ಯಾವ ಊರಿನಿಂದ ತರುತ್ತೀರಿ, ಆ ಊರಿನವರಿಗೆ ಹೇಳಿದ್ದೀರಾ?